ಸೂರಿನ ನೀರು, ಬಾವಿಯ ನೀರು

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ. ನೀರು ಪರೀಕ್ಷೆಯ ಕೆಲಸಕ್ಕೆಂದು ಹವಳ ದ್ವೀಪಗಳಲ್ಲಿ ಓಡಾಡುವಾಗ, ಸಮುದ್ರದಿಂದ ನೂರು ಹೆಜ್ಜೆ ದೂರದ ಬಾವಿಯಲ್ಲಿ ಸಿಹಿನೀರು ಕುಡಿದಿದ್ದೇನೆ ಅಂತ. ಅಷ್ಟಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ನಂಬಲಿಲ್ಲ. ಕೆಲವರು ಸಹಾಯ ಮಾಡಬೇಕು ಅಂತ ಮುಂದೆ ಬಂದರು. ಒಬ್ಬರು ಜಗಳಕ್ಕೇ ಬಂದರು. ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಈ ಸಲದ ಪುಟ ಪೂರ್ತಿ ದ್ವೀಪದ ನೀರಿಗೇ.

ಪ್ರಶ್ನೆ: ಸುತ್ತ ಉಪ್ಪುನೀರು, ನೆಲವೆಲ್ಲ ಮರಳು. ಅಂಥ ಕಡೆ ಬಾವಿ ತೋಡಿದರೆ ಸಿಹಿನೀರು ಹೇಗೆ ಸಿಗುತ್ತದೆ ಮೇಡಂ? ಸಮುದ್ರದ ನೀರು ಮರಳಿನಲ್ಲಿ ಸೋಸಿ ಬರುತ್ತದೆಯೇ? — ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಇಲ್ಲ ಕಣಮ್ಮ. ಮರಳು ಕಸ ಹಿಡಿಯುತ್ತದೆ, ಕರಗಿದ ಉಪ್ಪು ಹಿಡಿಯುವುದಿಲ್ಲ. ಆ ಬಾವಿಯಲ್ಲಿರುವುದು ಮಳೆನೀರು.

ಹವಳ ದ್ವೀಪದಲ್ಲಿ ನದಿ ಇಲ್ಲ, ಹಳ್ಳ ಇಲ್ಲ. ಬಿದ್ದ ಮಳೆ ನೇರ ಮರಳಿಗೆ ಇಳಿಯುತ್ತದೆ. ಕೆಳಗೆ ಸಮುದ್ರದ ನೀರು ಮೊದಲೇ ತುಂಬಿಕೊಂಡಿರುತ್ತದೆ. ಒಂದು ಲೀಟರ್ ಸಿಹಿನೀರು 1000 ಗ್ರಾಂ ತೂಗಿದರೆ ಅಷ್ಟೇ ಸಮುದ್ರದ ನೀರು ಸುಮಾರು 1025 ಗ್ರಾಂ ತೂಗುತ್ತದೆ. ಹಗುರಾದದ್ದು ಮೇಲೆ ತೇಲುತ್ತದೆ. ಹಾಗೆ ತೇಲುವ ಸಿಹಿನೀರಿಗೆ ಒಂದು ಆಕಾರ ಇದೆ: ನಡುವೆ ದಪ್ಪ, ಅಂಚಿಗೆ ತೆಳು, ಥೇಟ್ ಮಸೂರದ ಕಾಳು. ಪುಸ್ತಕದಲ್ಲೂ ಅದನ್ನು ಸಿಹಿನೀರಿನ ಮಸೂರ ಅಂತಲೇ ಕರೆಯುತ್ತಾರೆ.

ಈಗ ಆ 25 ಗ್ರಾಂ ವ್ಯತ್ಯಾಸದಿಂದ 1000ವನ್ನು ಭಾಗಿಸಿ ನೋಡು. 40 ಬಂತು. ಅಂದರೆ ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಹೆಚ್ಚುಕಡಿಮೆ 40 ಅಡಿ ಸಿಹಿನೀರು ಇರುತ್ತದೆ. 19ನೇ ಶತಮಾನದ ಕೊನೆಗೆ ನೆದರ್ಲೆಂಡ್ಸ್‌ನ ಸೇನಾ ಇಂಜಿನಿಯರ್ ಬಾಡನ್ ಘೈಬೆನ್ ಈ ಲೆಕ್ಕ ಕಂಡುಕೊಂಡರು. ಅದು ಗೊತ್ತಿಲ್ಲದೆಯೇ ಜರ್ಮನಿಯ ಹರ್ಜ್‌ಬರ್ಗ್ ಉತ್ತರ ಸಮುದ್ರದ ದ್ವೀಪಗಳ ಬಾವಿಗಳನ್ನು ನೋಡಿ 1901ರಲ್ಲಿ ಅದನ್ನೇ ಬರೆದರು. ಇಬ್ಬರ ಹೆಸರನ್ನೂ ಸೇರಿಸಿ ಕರೆಯುವ ರೂಢಿ. ನಿಜವಾದ ದ್ವೀಪದಲ್ಲಿ ಸಿಹಿಗೂ ಉಪ್ಪಿಗೂ ನಡುವೆ ಗೆರೆ ಎಳೆದ ಹಾಗೆ ಇರುವುದಿಲ್ಲ. ಭರತ ಇಳಿತಕ್ಕೆ ಕಲಕಿ ಕಲಕಿ ಒಂದು ಸವುಳು ಪದರ ಆಗಿರುತ್ತದೆ. ಹಾಗಾಗಿ ಕುಡಿಯಲು ಸಿಗುವುದು ಲೆಕ್ಕಕ್ಕಿಂತ ಕಡಿಮೆಯೇ.

ಈ ಲೆಕ್ಕ ನನಗೆ ಬಾಯಿಪಾಠ ಬರುತ್ತಿತ್ತು. ಆದರೂ ಒಂದು ಬಾವಿ ನನ್ನ ಕೈಯಿಂದಲೇ ಕೆಟ್ಟಿದೆ.

ಕೆಲಸಕ್ಕೆ ಸೇರಿದ ಹೊಸತು. ಪೆಸಿಫಿಕ್‌ನ ಒಂದು ಸಣ್ಣ ದ್ವೀಪ. ಅಲ್ಲಿಯ ಹೆಂಗಸರು ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಸೇದುತ್ತಿದ್ದರು. ಬೆಳಿಗ್ಗೆ ಸಾಲು, ಸಂಜೆ ಸಾಲು. ನೋಡಿ ಪಾಪ ಅನ್ನಿಸಿತು. ಮೇಲಿನವರಿಗೆ ಬರೆದು ಡೀಸೆಲ್ ಪಂಪ್ ತರಿಸಿ ಕೂರಿಸಿದೆ. ಎಲ್ಲರೂ ಖುಷಿ. ನಾನಂತೂ ಜಾಸ್ತಿ ಖುಷಿ. ಮೂರು ವಾರ ಕಳೆದ ಮೇಲೆ ಒಬ್ಬ ಅಜ್ಜಿ ನನ್ನ ಕೋಣೆಗೆ ಬಂದರು. ಒಂದು ಲೋಟ ನೀರು ಕೈಗಿಟ್ಟು ಸುಮ್ನೆ ನಿಂತರು. ಕುಡಿದೆ. ಸವುಳು.

ಆಗಿದ್ದು ಇಷ್ಟೇ. ಸಿಹಿನೀರಿನ ಮಟ್ಟವನ್ನು ಮೇಲಿನಿಂದ ಅರ್ಧ ಅಡಿ ತಗ್ಗಿಸಿದರೆ, ಕೆಳಗಿನ ಉಪ್ಪುನೀರು ಅದರ 40 ಪಟ್ಟು, ಅಂದರೆ 20 ಅಡಿ ಮೇಲೇರಲು ನೋಡುತ್ತದೆ. ಒಂದೇ ಜಾಗದಲ್ಲಿ ಜೋರಾಗಿ ಎಳೆದರೆ ಪಂಪಿನ ಬಾಯಿಗೆ ನೇರವಾಗಿ ಉಪ್ಪಿನ ಗೋಪುರ ಎದ್ದು ಬರುತ್ತದೆ. ಹಗ್ಗದ ಬಕೆಟ್ ಅಷ್ಟು ಎಳೆಯುವುದೇ ಇಲ್ಲ. ಆ ಬಾವಿ ಮತ್ತೆ ಬಾಯಿಗೆ ಹಿಡಿಸಲು ಎರಡು ಮಳೆಗಾಲ ಬೇಕಾಯಿತು. ಪಂಪನ್ನು ನಾನೇ ಬಿಚ್ಚಿ ದೋಣಿಗೆ ಹಾಕಿದೆ.

ಜಾಸ್ತಿ ನೀರು ಬೇಕಾದ ಕಡೆ ಮಾಡುವ ಉಪಾಯ ಬೇರೆ. ಕಿರಿಬಾಟಿ ದೇಶದ ತರಾವ ದ್ವೀಪದಲ್ಲಿ ಬಾನ್ರಿಕಿ ಅಂತ ಒಂದು ಜಾಗ ಇದೆ. ಅಲ್ಲಿ ಆಳ ಕೊರೆಯುವುದಿಲ್ಲ. ನೀರಿನ ಮಟ್ಟಕ್ಕೆ ಸರಿಯಾಗಿ ತೂತಿನ ಕೊಳವೆಗಳನ್ನು ಉದ್ದಕ್ಕೆ ಅಡ್ಡಡ್ಡ ಹೂತಿದ್ದಾರೆ. ಹಾಲಿನ ಕೆನೆ ತೆಗೆದ ಹಾಗೆ ಮೇಲಿನ ನೀರನ್ನು ಅಗಲ ಜಾಗದಿಂದ ನಿಧಾನಕ್ಕೆ ತೆಗೆಯುತ್ತಾರೆ.

ಪ್ರಶ್ನೆ: ಸವುಳು ನೀರನ್ನು ಚೆನ್ನಾಗಿ ಕುದಿಸಿದರೆ ಕುಡಿಯಬಹುದಲ್ಲ? — ಗೃಹಿಣಿ

ಉತ್ತರ: ಕುದಿಸಿದರೆ ರೋಗಾಣು ಸಾಯುತ್ತವೆ. ಉಪ್ಪು ಹಾಗೇ ಉಳಿಯುತ್ತದೆ. ಆವಿಯಾಗಿ ನೀರು ಕಡಿಮೆಯಾದಷ್ಟೂ ಉಪ್ಪು ಇನ್ನೂ ಗಟ್ಟಿ. ಸಾರು ಬತ್ತಿಸಿದಾಗ ಆಗುತ್ತದಲ್ಲ, ಅದೇ. ಆವಿಯನ್ನೇ ತಣಿಸಿ ಹಿಡಿದರೆ ಸಿಹಿನೀರು ಸಿಗುತ್ತದೆ, ಆದರೆ ದಿನಾ ಅಷ್ಟು ಸೌದೆ ದ್ವೀಪದಲ್ಲಿ ಎಲ್ಲಿಂದ? ಬಿಪಿ ಇರುವವರೂ ಬಸುರಿಯರೂ ಇಂಥ ನೀರನ್ನು ಸ್ನಾನಕ್ಕೆ, ಬಟ್ಟೆಗೆ ಇಟ್ಟುಕೊಂಡು, ಕುಡಿಯಲು ಮಳೆನೀರು ಉಳಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನಾವು ಹತ್ತು ಜನ ಗೆಳೆಯರು ಸೇರಿ ಹಣ ಕೂಡಿಸಿದ್ದೇವೆ. ನೀರಿಲ್ಲದ ಒಂದು ದ್ವೀಪಕ್ಕೆ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಕೊಡಿಸಬೇಕು ಅಂತ ಆಸೆ. ಯಾವ ಯಂತ್ರ ಒಳ್ಳೆಯದು, ತಿಳಿಸಿ. — ನಿವೃತ್ತ ಬ್ಯಾಂಕ್ ನೌಕರರು

ಉತ್ತರ: ಸರ್, ನಿಮ್ಮ ಮನಸ್ಸು ದೊಡ್ಡದು. ಅದಕ್ಕೇ ಸ್ವಲ್ಪ ಕಹಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಂತ್ರ ಕೊಡುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ತರಿಸಿಕೊಳ್ಳಿ. ಅದಕ್ಕೆ ಕರೆಂಟ್ ಎಲ್ಲಿಂದ? ಫಿಲ್ಟರ್ ಬದಲಾಯಿಸುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು? ಹೊಸ ಫಿಲ್ಟರ್ ಹೊತ್ತು ತರುವ ಹಡಗು ತಿಂಗಳಿಗೆ ಎಷ್ಟು ಸಲ ಬರುತ್ತದೆ?

ಈ ಯಂತ್ರಗಳಲ್ಲಿ ಹೆಚ್ಚಿನವು ಆರ್‌ಒ. ಒತ್ತಡ ಹಾಕಿ ಪೊರೆಯ ಮೂಲಕ ನೀರು ತಳ್ಳುವುದು. ದೊಡ್ಡ, ಚೆನ್ನಾಗಿ ನಡೆಯುವ ಘಟಕದಲ್ಲೇ ಸಮುದ್ರದ ನೀರಿನಿಂದ 1000 ಲೀಟರ್ ಸಿಹಿನೀರು ತೆಗೆಯಲು 3ರಿಂದ 4 ಯೂನಿಟ್ ಕರೆಂಟ್ ಬೇಕು. ಸಣ್ಣ ಯಂತ್ರಕ್ಕೆ ಇನ್ನೂ ಜಾಸ್ತಿ. ದ್ವೀಪದಲ್ಲಿ ಕರೆಂಟ್ ಅಂದರೆ ಹೆಚ್ಚಾಗಿ ಡೀಸೆಲ್ ಜನರೇಟರ್. ಡೀಸೆಲ್ ಬರುವುದೂ ಅದೇ ಹಡಗಿನಲ್ಲಿ. ಯಂತ್ರದಿಂದ ಹೊರಬೀಳುವ ಗಟ್ಟಿ ಉಪ್ಪುನೀರನ್ನು ಹವಳದ ಮೇಲೆ ಬಿಟ್ಟರೆ ಹವಳ ಸಾಯುತ್ತದೆ, ಮೀನು ದೂರ ಹೋಗುತ್ತದೆ. ಎಲ್ಲಿ ಬಿಡಬೇಕು ಅನ್ನುವುದೂ ಒಂದು ಲೆಕ್ಕ.

ನಾನು ಹೋದ ಒಂದು ದ್ವೀಪದಲ್ಲಿ ಶಾಲೆಯ ಹಿಂದೆ ಮೂರು ಯಂತ್ರಗಳಿದ್ದವು. ಬೇರೆಬೇರೆ ವರ್ಷ, ಬೇರೆಬೇರೆ ದಾನಿಗಳು. ಒಂದರ ಪೊರೆ ಕಟ್ಟಿಕೊಂಡಿತ್ತು. ಇನ್ನೊಂದರ ಪಂಪಿಗೆ ಬೇಕಾದ ರಬ್ಬರ್ ಉಂಗುರ ಸಿಕ್ಕಿರಲಿಲ್ಲ. ಮೂರನೆಯದರಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಮೂರಕ್ಕೂ ದಾನಿಗಳ ಹೆಸರಿನ ಫಲಕ ಮಾತ್ರ ಹೊಳೆಯುತ್ತಿತ್ತು.

ಯಂತ್ರ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಜನ ಜಾಸ್ತಿ, ಜಾಗ ಕಡಿಮೆ ಇದ್ದರೆ ಬೇರೆ ದಾರಿಯೇ ಇರುವುದಿಲ್ಲ. ಮಾಲ್ಡೀವ್ಸ್‌ನ ಮಾಲೆ ಅಂಥ ಊರು. ಕುಡಿಯುವ ನೀರಿಗೆ ಯಂತ್ರದ ನೀರೇ ಗತಿ. 2014ರ ಡಿಸೆಂಬರ್ 4ರಂದು ಅಲ್ಲಿಯ ಘಟಕದಲ್ಲಿ ಬೆಂಕಿ ಬಿತ್ತು. ಲಕ್ಷಕ್ಕೂ ಹೆಚ್ಚು ಜನರ ನಲ್ಲಿ ಒಣಗಿತು. ಭಾರತದಿಂದ ವಿಮಾನದಲ್ಲಿ ನೀರು ಹೋಯಿತು. ನೌಕಾಪಡೆಯ ಸುಕನ್ಯಾ, ದೀಪಕ್ ಹಡಗುಗಳು ಹೋದವು. ಒಂದೇ ಘಟಕ, ಕೈಯಲ್ಲಿ ಕಾದಿಟ್ಟ ನೀರು ಇಲ್ಲ ಅಂದರೆ ಹೀಗಾಗುತ್ತದೆ. ಪೆಸಿಫಿಕ್‌ನ ಪುಟ್ಟ ದೇಶ ತುವಾಲುವಿನ ಕಥೆ ಬೇರೆ ಥರ. 2011ರಲ್ಲಿ ತಿಂಗಳುಗಟ್ಟಲೆ ಮಳೆ ಕೈಕೊಟ್ಟು, ಸೆಪ್ಟೆಂಬರ್ ಕೊನೆಗೆ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. ಆಗ ನ್ಯೂಜಿಲೆಂಡ್, ಆಸ್ಟ್ರೇಲಿಯಾದವರು ತಂದ ಸಣ್ಣ ಯಂತ್ರಗಳೇ ಜೀವ ಉಳಿಸಿದ್ದು. ತುರ್ತಿಗೆ ಅವು ಬೇಕು.

ಲಕ್ಷದ್ವೀಪದ ಕವರತ್ತಿಯಲ್ಲಿ 2005ರಿಂದ ಇನ್ನೊಂದು ಬಗೆ ನಡೆಯುತ್ತಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮಾಡಿದ್ದು. ಮೇಲಿನ ಬೆಚ್ಚಗಿನ ಸಮುದ್ರದ ನೀರನ್ನು ಗಾಳಿ ತೆಗೆದ ಕೋಣೆಗೆ ಬಿಡುತ್ತಾರೆ. ಒತ್ತಡ ಅಷ್ಟು ಕಡಿಮೆ ಇದ್ದಾಗ ನೀರು ಕುದಿಸದೆಯೇ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ತಣಿಸುತ್ತಾರೆ. ಪೊರೆ ಇಲ್ಲ. ದಿನಕ್ಕೆ ಒಂದು ಲಕ್ಷ ಲೀಟರ್ ಲೆಕ್ಕದಲ್ಲಿ ಕಟ್ಟಿದ್ದು. ಆದರೆ ದಂಡೆಯ ಪಕ್ಕದಲ್ಲೇ ಸಮುದ್ರ ಅಷ್ಟು ಆಳ ಇರಬೇಕು, ಅಷ್ಟು ದೊಡ್ಡ ಕೊಳವೆ ನೋಡಿಕೊಳ್ಳುವ ಸಂಸ್ಥೆ ಬೆನ್ನಿಗಿರಬೇಕು. ಹತ್ತು ಜನ ಗೆಳೆಯರಿಂದ ಆಗುವ ಕೆಲಸ ಅಲ್ಲ ಅದು.

ನಿಮ್ಮ ಹಣದಲ್ಲಿ ಏನು ಮಾಡಬಹುದು? ಮಳೆನೀರಿನ ಟ್ಯಾಂಕ್, ಸೂರಿನ ಅಂಚಿಗೆ ನೀರು ಹಿಡಿಯುವ ದಂಬೆ, ನಲ್ಲಿ, ಜಾಲರಿ. ಉಳಿದ ಹಣದಲ್ಲಿ ಆ ಊರಿನದೇ ಒಬ್ಬ ಹುಡುಗನಿಗೋ ಹುಡುಗಿಗೋ ಐದು ವರ್ಷ ಸಂಬಳ. ದಂಬೆ ತೊಳೆಯುವುದು, ನಲ್ಲಿ ರಿಪೇರಿ, ತಿಂಗಳಿಗೊಮ್ಮೆ ನೀರು ಪರೀಕ್ಷೆ. ಆ ಕೆಲಸಕ್ಕೆ ಫಲಕ ಹಾಕುವ ಜಾಗ ಇರುವುದಿಲ್ಲ, ಅದೊಂದು ಕಷ್ಟ ನಿಮಗೆ.

ಪ್ರಶ್ನೆ: ಮಳೆನೀರಿಗಿಂತ ಶುದ್ಧ ನೀರು ಇದೆಯೇ? ಅದಕ್ಕೂ ಪರೀಕ್ಷೆ ಯಾಕೆ? ಮತ್ತೆ ಎಷ್ಟು ದೊಡ್ಡ ಟ್ಯಾಂಕ್ ಬೇಕು? — ಹೈಸ್ಕೂಲ್ ಮಾಸ್ತರರು

ಉತ್ತರ: ಆಕಾಶದಲ್ಲಿರುವಾಗ ಶುದ್ಧವೇ ಮಾಸ್ತರರೇ. ಸೂರಿಗೆ ಬಿದ್ದ ಮೇಲೆ ಅದು ಸೂರಿನ ನೀರು. ಹಕ್ಕಿ ಹಿಕ್ಕೆ, ಹಲ್ಲಿ, ಇಲಿ, ಒಣ ಎಲೆ, ಸಮುದ್ರದ ಗಾಳಿ ತಂದ ಉಪ್ಪು, ತಗಡಿನ ತುಕ್ಕು ಎಲ್ಲ ಅದರೊಳಗೆ. ಮೊದಲ ಮಳೆಯ ನೀರನ್ನು ಟ್ಯಾಂಕಿಗೆ ಬಿಡಬಾರದು. ಸೂರಿನ ಒಂದು ಚದರ ಮೀಟರಿಗೆ ಕನಿಷ್ಠ ಅರ್ಧ ಲೀಟರ್ ಹೊರಗೆ ಹೋಗಲಿ. 50 ಚದರ ಮೀಟರ್ ಸೂರಿದ್ದರೆ 25 ಲೀಟರ್. ಟ್ಯಾಂಕಿಗೆ ಹೋಗುವ ದಾರಿಯಲ್ಲಿ ಒಂದು ನಿಂತ ಪೈಪ್ ಕೊಟ್ಟು, ಅದು ತುಂಬಿದ ಮೇಲೆ ನೀರು ಟ್ಯಾಂಕಿಗೆ ತಿರುಗುವ ಹಾಗೆ ಮಾಡಿದರೆ ಆಯಿತು. ಮಳೆ ನಿಂತ ಮೇಲೆ ಆ ಪೈಪಿನ ಅಡಿ ಬಿಚ್ಚಿ ಖಾಲಿ ಮಾಡಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ. ನಾನೂ ಮರೆತಿದ್ದೇನೆ.

ಲೆಕ್ಕ ನಿಮ್ಮ ಮಕ್ಕಳಿಗೆ ಕೊಡಿ. ಒಂದು ಚದರ ಮೀಟರ್ ಸೂರಿನ ಮೇಲೆ 1 ಮಿಲಿಮೀಟರ್ ಮಳೆ ಅಂದರೆ ಸರಿಯಾಗಿ 1 ಲೀಟರ್. 50 ಚದರ ಮೀಟರಿಗೆ 10 ಮಿಲಿಮೀಟರ್ ಬಿದ್ದರೆ 500 ಲೀಟರ್. ಸಿಡಿದು, ಸೋರಿ, ಒಣಗಿ ಹೋಗುವುದು ಕಳೆದರೆ 400 ಅಂತ ಇಟ್ಟುಕೊಳ್ಳಿ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ 5 ಲೀಟರ್ ಹಾಗೆ ದಿನಕ್ಕೆ 25. ಅಂದರೆ 16 ದಿನದ ನೀರು. ಟ್ಯಾಂಕ್ ಎಷ್ಟು ದೊಡ್ಡದು ಬೇಕು ಅನ್ನುವುದಕ್ಕೆ ಒಟ್ಟು ಮಳೆ ನೋಡಬೇಡಿ, ಮಳೆ ಇಲ್ಲದ ಅತಿ ಉದ್ದದ ಅವಧಿ ನೋಡಿ. ಅದು 90 ದಿನ ಅಂದರೆ 2250 ಲೀಟರ್.

ಬರ್ಮುಡಾ ದ್ವೀಪದಲ್ಲಿ ಇದೇ ಕಾನೂನು. ಅಲ್ಲಿ ನದಿ ಇಲ್ಲ. ಮನೆ ಕಟ್ಟಿದರೆ ಸೂರಿನ ನೀರು ಹಿಡಿಯಲೇಬೇಕು, ಮನೆಯಡಿ ಟ್ಯಾಂಕ್ ಇರಲೇಬೇಕು. ಸುಣ್ಣದ ಕಲ್ಲಿನ ಮೆಟ್ಟಿಲು ಮೆಟ್ಟಿಲಾದ ಬಿಳಿ ಸೂರುಗಳು. ಮೆಟ್ಟಿಲು ನೀರಿನ ಓಟ ತಗ್ಗಿಸುತ್ತದೆ. ಪ್ರವಾಸಿಗಳು ಅಂದಕ್ಕೆ ಅಂತ ಫೋಟೊ ತೆಗೆಯುತ್ತಾರೆ. ಮಾರ್ಷಲ್ ದ್ವೀಪಗಳ ಮಜುರೊದಲ್ಲಿ ಅದಕ್ಕಿಂತ ಮಜಾ: ವಿಮಾನ ಇಳಿಯುವ ರನ್‌ವೇಯೇ ಊರಿನ ಸೂರು. ಅದರ ಮೇಲೆ ಬಿದ್ದ ಮಳೆ ಪಕ್ಕದ ಕೊಳಗಳಿಗೆ ಹೋಗಿ, ಶುದ್ಧವಾಗಿ ನಲ್ಲಿಗೆ ಬರುತ್ತದೆ. ಇಕ್ಕಟ್ಟಿನ ನೆಲದಲ್ಲಿ ಅಷ್ಟು ಅಗಲದ ಗಟ್ಟಿ ಜಾಗ ಇನ್ನೆಲ್ಲಿ ಸಿಗಬೇಕು?

ಇನ್ನೊಂದು ಮಾತು. ಟ್ಯಾಂಕಿಗೆ ಜಾಲರಿ ಇಲ್ಲದಿದ್ದರೆ ನೀವು ನೀರಿನ ಜೊತೆ ಡೆಂಗಿ ಸೊಳ್ಳೆಯನ್ನೂ ಸಾಕುತ್ತೀರಿ. ಮೇಲಿನ ಬಾಯಿಗೆ ಹಾಕಿ, ಹೆಚ್ಚಾದ ನೀರು ಹೊರಹೋಗುವ ಪೈಪಿಗೂ ಹಾಕಿ. ಎರಡನೆಯದನ್ನು ಬಿಟ್ಟಿರುವವರೇ ಹೆಚ್ಚು.

ಪ್ರಶ್ನೆ: ಶೌಚಾಲಯ ಬಾವಿಯಿಂದ ದೂರ ಇದ್ದರೆ ಸಾಕಲ್ಲ? ಎಷ್ಟು ದೂರ ಬೇಕು, ಒಂದು ಅಂಕಿ ಹೇಳಿ. — ಸಿವಿಲ್ ಇಂಜಿನಿಯರ್

ಉತ್ತರ: ಅಂಕಿ ಹೇಳಿದರೆ ನೀವು ಅದನ್ನು ಹಿಡಿದು ಟೇಪ್ ಎಳೆಯುತ್ತೀರಿ. ಅದಕ್ಕೇ ಹೇಳುವುದಿಲ್ಲ!

ಮಣ್ಣು ನೆಲಕ್ಕೆ ಬರೆದ ನಿಯಮ ಹವಳದ ಮರಳಿಗೆ ನಡೆಯುವುದಿಲ್ಲ. ನೀರು ಅಲ್ಲಿ ಬೇಗ ಓಡುತ್ತದೆ. ನೀರಿನ ಮಟ್ಟವೋ, ಎಷ್ಟೋ ಕಡೆ ಆಳು ಎತ್ತರಕ್ಕಿಂತ ಕೆಳಗಿಲ್ಲ. ಗುಂಡಿ ತೋಡಿದರೆ ಗುಂಡಿಯ ತಳವೇ ನೀರಿನಲ್ಲಿ. ಒಬ್ಬರ ಕಕ್ಕಸು, ಪಕ್ಕದವರ ಬಾವಿ, ಅದರಾಚೆಯವರ ಹಂದಿ ದೊಡ್ಡಿ, ಎಲ್ಲ ಒಂದೇ ಮಸೂರದ ಮೇಲೆ ಕೂತಿರುತ್ತವೆ. ಬೇಲಿ ಮೇಲೆ ಇದೆ, ಕೆಳಗಿಲ್ಲ.

1977ರಲ್ಲಿ ತರಾವದಲ್ಲಿ ಕಾಲರಾ ಬಂತು. ಅದರ ನಂತರವೇ ಅಲ್ಲಿ ಕೊಳವೆ ನೀರು, ಒಳಚರಂಡಿ ಎರಡಕ್ಕೂ ಕೈಹಾಕಿದ್ದು. ಸಿಹಿನೀರು ಉಳಿಸಲು ಶೌಚಾಲಯಕ್ಕೆ ಸಮುದ್ರದ ನೀರನ್ನೇ ಬಿಟ್ಟರು. ಒಳ್ಳೆಯ ಯೋಚನೆ. ಆದರೆ ಉಪ್ಪುನೀರು ಪಂಪು, ಕಬ್ಬಿಣ ಎಲ್ಲವನ್ನೂ ತಿನ್ನುತ್ತದೆ, ನೋಡಿಕೊಳ್ಳುವುದು ದುಬಾರಿ.

ತುವಾಲುವಿನಲ್ಲಿ ಇನ್ನೊಂದು ದಾರಿ ಹಿಡಿದರು. ನೀರೇ ಬೇಡದ, ಗೊಬ್ಬರ ಮಾಡುವ ಕಕ್ಕಸು. ನೆಲದ ಮೇಲೆ ಎರಡು ಕೋಣೆ. ಒಂದನ್ನು ಬಳಸುವಾಗ ಇನ್ನೊಂದು ಒಣಗಿ ಗೊಬ್ಬರವಾಗುತ್ತದೆ. ಪ್ರತಿ ಸಲವೂ ಒಂದು ಹಿಡಿ ಒಣ ಎಲೆ, ಮರದ ಪುಡಿ ಹಾಕಬೇಕು. ಬಾವಿಗೆ ಏನೂ ಇಳಿಯುವುದಿಲ್ಲ, ಫ್ಲಶ್ಶಿಗೆ ನೀರು ಖರ್ಚಿಲ್ಲ, ತೋಟಕ್ಕೆ ಗೊಬ್ಬರ. ಕಾಗದದ ಮೇಲೆ ಎಲ್ಲ ಚೆಂದ. ಆದರೆ ಆ ಗೊಬ್ಬರ ತೆಗೆಯುವವರು ಯಾರು? ನಾನಿದ್ದ ಒಂದು ಕಡೆ ಇಂಥ ಆರು ಕಕ್ಕಸು ಕಟ್ಟಿಸಿದರು. ವರ್ಷದ ನಂತರ ಹೋದರೆ ಐದರಲ್ಲಿ ಬಲೆ, ಹುಟ್ಟು, ಹಳೆಯ ಸೈಕಲ್ಲು ಇಟ್ಟಿದ್ದರು. ಆರನೆಯದು ಫಳಫಳ. ಆ ಮನೆಯ ಯಜಮಾನಿ ಅದರ ಗೊಬ್ಬರ ಹಾಕಿ ಬಾಳೆ ಬೆಳೆಸಿದ್ದರು. ಗೊನೆ ನೋಡಲು ಊರೇ ಬರುತ್ತಿತ್ತು. ಮರುವರ್ಷ ಎರಡು ಮನೆಯವರು ಸೈಕಲ್ಲು ಹೊರಗಿಟ್ಟರು. ನನ್ನ ಭಾಷಣ ಮಾಡದ್ದನ್ನು ಆ ಗೊನೆ ಮಾಡಿತು.

ಪರೀಕ್ಷೆಯ ವಿಷಯಕ್ಕೆ ಬಂದರೆ, ದ್ವೀಪದಲ್ಲಿ ಪ್ರಯೋಗಾಲಯ ಇರುವುದಿಲ್ಲ. ಮಾದರಿ ನೀರನ್ನು ಹಡಗಿನಲ್ಲಿ ಕಳಿಸಿದರೆ ತಲುಪುವ ಹೊತ್ತಿಗೆ ಅದಕ್ಕೆ ಅರ್ಥ ಉಳಿದಿರುವುದಿಲ್ಲ. ನನ್ನ ಚೀಲದಲ್ಲಿ ಯಾವಾಗಲೂ ಇರುತ್ತಿದ್ದದ್ದು ಸಣ್ಣ ಶೀಷೆಗಳು. ಒಳಗೆ ಮದ್ದು ಹಚ್ಚಿದ ಕಾಗದದ ಚೂರು. ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಡಬೇಕು. ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದಲ್ಲಿ ಮಂಜಾ ಮತ್ತು ಅವರ ಜೊತೆಗಾರರು ಮಾಡಿದ್ದು, 1982ರಲ್ಲಿ ಪ್ರಕಟವಾಯಿತು. ಅಲ್ಲಿಂದ ಪೆಸಿಫಿಕ್ ದ್ವೀಪಗಳವರೆಗೂ ಹೋಗಿದೆ ಆ ಶೀಷೆ. ಅದಕ್ಕೂ ಮಿತಿ ಇದೆ. ಕೆಸರು ವಾಸನೆಯ, ಕೊಳೆತ ಮೊಟ್ಟೆ ವಾಸನೆಯ ಬಾವಿಯಲ್ಲಿ ಮಲ ಇಲ್ಲದಿದ್ದರೂ ಕಪ್ಪಾಗಬಹುದು.

ಆದರೆ ಜನರಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಒಂದು ಊರಿನಲ್ಲಿ ಹನ್ನೆರಡು ಬಾವಿಯ ನೀರನ್ನು ಹನ್ನೆರಡು ಶೀಷೆಗೆ ತುಂಬಿ ಸಾಲಾಗಿ ಇಟ್ಟೆ. ಎಲ್ಲಕ್ಕಿಂತ ತಿಳಿಯಾದ ನೀರು ಊರ ಹಿರಿಯರ ಬಾವಿಯದು. ಮಾರನೇ ದಿನ ಮೊದಲು ಕಪ್ಪಾದದ್ದೂ ಅದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಾವು ಹೇಳುತ್ತೇವಲ್ಲ, ಅದನ್ನು ಅವರ ಭಾಷೆಗೆ ತಿರುಗಿಸಲು ನನಗೆ ಬರಲಿಲ್ಲ. ಬೇಕಾಗಲೂ ಇಲ್ಲ. ಅವರು ಶೀಷೆಯನ್ನು ಬೆಳಕಿಗೆ ಹಿಡಿದು ನೋಡಿದರು, ಬಾವಿಯ ಪಕ್ಕದ ಹಂದಿ ದೊಡ್ಡಿ ನೋಡಿದರು. ವಾರದೊಳಗೆ ದೊಡ್ಡಿ ಬೇರೆ ಕಡೆ ಹೋಯಿತು.

ಪ್ರಶ್ನೆ: ಕ್ಲೋರಿನ್ ಹಾಕಿದ ನೀರು ವಾಸನೆ. ನಮ್ಮ ಮಕ್ಕಳು ಮುಟ್ಟುವುದಿಲ್ಲ. ದ್ವೀಪದವರು ಕುಡಿಯುತ್ತಾರೆಯೇ? — ಅಂಗನವಾಡಿ ಕಾರ್ಯಕರ್ತೆ

ಉತ್ತರ: ಅವರೂ ಮೂಗು ಮುರಿಯುತ್ತಾರೆ ಅಕ್ಕ. ಹುಟ್ಟಿನಿಂದ ಮಳೆನೀರು ಕುಡಿದವರ ನಾಲಗೆ ಬಲು ಚುರುಕು. ಅರ್ಧ ಗಂಟೆ ಬಿಟ್ಟ ಮೇಲೆ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಸಾಕು. ಅದಕ್ಕಿಂತ ಜಾಸ್ತಿ ಸುರಿಯುವುದರಿಂದಲೇ ಅರ್ಧ ದೂರು ಬರುವುದು. ಸುಗಂಧ ಸೇರಿಸದ, ನೂರಕ್ಕೆ ಐದಾರು ಪಾಲಿನ ಬ್ಲೀಚ್ ದ್ರಾವಣವಾದರೆ ತಿಳಿನೀರಿಗೆ ಲೀಟರಿಗೆ ಎರಡು ಹನಿ. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ. ಬ್ಲೀಚಿಂಗ್ ಪೌಡರ್ ಬಿಸಿಲು, ತೇವಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ದ್ವೀಪದಲ್ಲಿ ಎರಡೂ ಧಾರಾಳ. ಹಳೆಯ ಡಬ್ಬಿಯನ್ನು ನಂಬಬೇಡಿ. ಅದೂ ಬೇಡ ಅಂದರೆ, ತಿಳಿನೀರನ್ನು ಪಾರದರ್ಶಕ ಪೆಟ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ಒಳ್ಳೆಯ ಬಿಸಿಲಿಗೆ ಮಲಗಿಸಿ. ಮೋಡ ಇದ್ದರೆ ಎರಡು ದಿನ.

ಪ್ರಶ್ನೆ: ಹೇಗೂ ಮುಳುಗುವ ದ್ವೀಪಗಳು. ಅಲ್ಲಿ ಟ್ಯಾಂಕು, ಕಕ್ಕಸು ಅಂತ ದುಡ್ಡು ಸುರಿಯುವುದು ಯಾಕೆ? ಅದು ಯಾರ ದುಡ್ಡು? ಜನರನ್ನು ಬೇರೆ ದೇಶಕ್ಕೆ ಕರೆದುಕೊಂಡು ಹೋದರೆ ಮುಗಿಯಿತು. — ಹೆಸರು ಬರೆಯದ ಓದುಗರು

ಉತ್ತರ: ಜಗಳಕ್ಕೆ ಬಂದವರು ಇವರೇ. ಬನ್ನಿ.

ನೆಲ ಮುಳುಗುವ ಮುಂಚೆ ನೀರು ಕೆಡುತ್ತದೆ, ಅದು ನಿಜ. ಮಾರ್ಷಲ್ ದ್ವೀಪಗಳ ರೋಯ್-ನಮೂರ್‌ನಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದವರು ಹೇಳಿದ್ದೂ ಅದನ್ನೇ. ದೊಡ್ಡ ಅಲೆಗಳು ಮತ್ತೆ ಮತ್ತೆ ದ್ವೀಪದ ಮೇಲೆ ಹರಿದು ಬಾವಿ ನೀರು ಚೇತರಿಸಿಕೊಳ್ಳಲು ಬಿಡದೆ, ಈ ಶತಮಾನದ ಮಧ್ಯದ ಹೊತ್ತಿಗೇ ಹೆಚ್ಚಿನ ಹವಳ ದ್ವೀಪಗಳು ವಾಸಕ್ಕೆ ಕಷ್ಟವಾಗಬಹುದು ಅಂತ. 2005ರಲ್ಲಿ ಕುಕ್ ದ್ವೀಪಗಳ ಪುಕಾಪುಕಾದ ಮೇಲೆ ಪರ್ಸಿ ಚಂಡಮಾರುತ ಸಮುದ್ರ ಹರಿಸಿತು. ಅಲ್ಲಿಯ ನೆಲದ ನೀರು ಮತ್ತೆ ಕುಡಿಯುವಂತಾಗಲು ಸುಮಾರು 11 ತಿಂಗಳು ಬೇಕಾಯಿತು. ಆ 11 ತಿಂಗಳು ಏನು ಕುಡಿಯಬೇಕು? ಸೂರಿನ ನೀರು. ಟ್ಯಾಂಕ್ ಅದಕ್ಕೇ.

ಇಂಥ ಹೊತ್ತಿನಲ್ಲಿ ಬಾವಿಗೆ ಏನು ಮಾಡಬೇಕು ಅನ್ನುವುದೂ ಇಲ್ಲೇ ಹೇಳಿಬಿಡುತ್ತೇನೆ. 2004ರ ಸುನಾಮಿಯ ನಂತರ ಎಷ್ಟೋ ದ್ವೀಪಗಳಲ್ಲಿ, ಕರಾವಳಿಗಳಲ್ಲಿ ಸಹಾಯಕ್ಕೆ ಹೋದವರು ಬಾವಿಗಳನ್ನು ಪಂಪ್ ಹಾಕಿ ಬರಿದು ಮಾಡಿದರು. ಕೆಸರು, ಹೊಲಸು ತೆಗೆಯಲು ಒಮ್ಮೆ ನಿಧಾನಕ್ಕೆ ಖಾಲಿ ಮಾಡುವುದು ಸರಿ. ಉಪ್ಪು ಹೋಗಲಿ ಅಂತ ಮತ್ತೆ ಮತ್ತೆ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಮೊದಲ ಪ್ರಶ್ನೆಯ ನನ್ನ ಡೀಸೆಲ್ ಪಂಪ್ ನೆನಪಿದೆಯಲ್ಲ, ಅದೇ ತಪ್ಪು. ಉಪ್ಪನ್ನು ತೊಳೆಯುವುದು ಮಳೆ ಮಾತ್ರ.

ಇನ್ನು ಜನರನ್ನು ಕರೆದುಕೊಂಡು ಹೋಗುವ ಮಾತು. ತುವಾಲು ಮತ್ತು ಆಸ್ಟ್ರೇಲಿಯಾ 2023ರಲ್ಲಿ ಒಪ್ಪಂದ ಮಾಡಿಕೊಂಡವು. ಅದರಂತೆ ವರ್ಷಕ್ಕೆ ಹೆಚ್ಚೆಂದರೆ 280 ಜನ ಹೋಗಿ ನೆಲೆಸಬಹುದು. ಅಲ್ಲಿರುವವರು ಸುಮಾರು 10 ಸಾವಿರ. ಭಾಗಿಸಿ ನೋಡಿ, 35 ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಹುಟ್ಟುವವರ ಲೆಕ್ಕ ಬೇರೆ. ಸರದಿ ಬರುವವರೆಗೆ ಬಾಯಾರಿಕೆ ಕಾಯುತ್ತದೆಯೇ?

ಮತ್ತೆ ಒಂದು ಸಂಗತಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತುವಾಲುವಿನ ಫುನಾಫುಟಿಯಲ್ಲಿ ರನ್‌ವೇ ಕಟ್ಟಲು ನೆಲ ಬಗೆದು ಹವಳ ತೆಗೆಯಿತು. ಯುದ್ಧ ಮುಗಿಯಿತು, ಗುಂಡಿ ಹಾಗೇ ಉಳಿಯಿತು. ಎಪ್ಪತ್ತು ವರ್ಷ. ಅದರಲ್ಲಿ ಉಪ್ಪುನೀರು ನಿಂತು, ಕಸ ತುಂಬಿ, ಅದರ ದಂಡೆಯಲ್ಲೇ ಮನೆ ಕಟ್ಟಿಕೊಂಡು ಜನ ಇದ್ದರು. ಲಗೂನಿನ, ಅಂದರೆ ಹವಳದ ದಿಬ್ಬ ಸುತ್ತುವರಿದ ಒಳಸಮುದ್ರದ, ಮರಳು ತಂದು ಆ ಗುಂಡಿಗಳನ್ನು ಮುಚ್ಚಿ ಮುಗಿಸಿದ್ದು 2015ರಲ್ಲಿ. ಆ ಗುಂಡಿ ತೋಡಿದವರೂ ಅಲ್ಲಿಯವರಲ್ಲ, ಸಮುದ್ರ ಬಿಸಿ ಮಾಡಿದವರೂ ಅಲ್ಲಿಯವರಲ್ಲ. ನೀವು ಪತ್ರದಲ್ಲಿ ದುಡ್ಡು ಯಾರದು ಅಂತ ಕೇಳಿದ್ದಿರಿ. ನನಗೆ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು ಅನ್ನಿಸುತ್ತದೆ.

ಪ್ರಶ್ನೆ: ನನಗೆ ಒಂದು ದ್ವೀಪದ ಆರೋಗ್ಯ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ. ನೀರಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಹೋದ ದಿನ ಏನು ನೋಡಲಿ? — ನರ್ಸ್

ಉತ್ತರ: ಮೊದಲು ಅಭಿನಂದನೆ ತಂಗಿ. ಸಂಜೆ ಬಿಸಿಲು ಇಳಿದ ಮೇಲೆ ಆಸ್ಪತ್ರೆಯ ಸುತ್ತ ಒಂದು ಸುತ್ತು ಹಾಕು. ಸೂರಿನ ಮೇಲೆ ಮರದ ಕೊಂಬೆ ಬಾಗಿದೆಯಾ ನೋಡು. ಕೊಂಬೆ ಇದ್ದರೆ ಹಕ್ಕಿ, ಇಲಿ ಎರಡೂ ಇವೆ. ದಂಬೆಯಲ್ಲಿ ಹುಲ್ಲು ಬೆಳೆದಿದೆಯಾ ನೋಡು. ನಲ್ಲಿಯ ಕೆಳಗೆ ಕೆಸರಾಗಿದೆಯಾ, ಅಲ್ಲಿ ಕೋಳಿ ಕೆದಕುತ್ತಿವೆಯಾ ನೋಡು. ಜನರೇಟರ್ ಬಾವಿಯ ಪಕ್ಕದಲ್ಲಿದ್ದರೆ ಡೀಸೆಲ್ ಡ್ರಮ್ಮಿನ ಕೆಳಗೆ ಮರಳು ಕಪ್ಪಾಗಿದೆಯಾ ನೋಡು. ಕಪ್ಪಾಗಿದ್ದರೆ ಡ್ರಮ್ಮನ್ನು ಅವತ್ತೇ ಸಿಮೆಂಟ್ ಕಟ್ಟೆಗೆ ಎತ್ತಿಸು, ಬಾವಿಯ ನೀರನ್ನು ಕುಡಿಯಲು ಕೊಡಬೇಡ. ಡೀಸೆಲ್ಲಿಗೆ ಕುದಿಸುವುದೂ ಮದ್ದಲ್ಲ, ಕ್ಲೋರಿನ್ನೂ ಮದ್ದಲ್ಲ.

ಆಮೇಲೆ ವಾಂತಿ ಭೇದಿಯ ದಾಖಲೆ ಪುಸ್ತಕ ತೆಗೆ. ಯಾವ ತಿಂಗಳು ಹೆಚ್ಚು ಅಂತ ನೋಡಿ, ಮಳೆಯ ಲೆಕ್ಕದ ಪಕ್ಕದಲ್ಲಿ ಇಡು. ಉದ್ದ ಒಣ ಹವೆ ಆದ ಮೇಲಿನ ಮೊದಲ ಮಳೆಗೆ ಏರಿದ್ದರೆ ಸೂರಿನ ಕೊಳೆಯನ್ನು ಅನುಮಾನಿಸು. ಒಣ ತಿಂಗಳಲ್ಲೇ ಏರಿದ್ದರೆ ಟ್ಯಾಂಕ್ ಬರಿದಾಗಿ ಜನ ಬಾವಿಗೆ ಹೋಗಿದ್ದಾರೆ ಅಂತ ಊಹಿಸು. ಊಹೆ ಅಷ್ಟೇ. ಶೀಷೆ ಇಟ್ಟು ಖಾತ್ರಿ ಮಾಡಿಕೋ.

ಕೊನೆಗೆ, ಟ್ಯಾಂಕ್ ಹತ್ತಲು ಏಣಿ ಎಲ್ಲಿದೆ ಅಂತ ಕೇಳು. ‘ಏಣಿ ಇಲ್ಲ ಸಿಸ್ಟರ್’ ಅಂದರೆ, ಆ ಟ್ಯಾಂಕಿನೊಳಗೆ ಯಾರೂ ಇಣುಕದೆ ಎಷ್ಟು ವರ್ಷವಾಯಿತೋ ದೇವರಿಗೇ ಗೊತ್ತು. ನಾನು ಹಾಗೆ ಒಮ್ಮೆ ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿ ನೋಡಿದ್ದೆ. ಏನು ಕಂಡೆ ಅಂತ ಊಟದ ಹೊತ್ತಿಗೆ ಓದುವವರೂ ಇರುತ್ತಾರೆ, ಬರೆಯುವುದಿಲ್ಲ. ನೀನು ಕುರ್ಚಿ ಹತ್ತಬೇಡ, ಏಣಿ ತರಿಸು.